ನಾರ್ವೆ ಅಂದ್ರೆ ಯಾವ ದೇಶ? ಹದಿಹರೆಯದವರ ದೇಶಾಭಿಮಾನ ಮತ್ತು ಸ್ವಾಭಿಮಾನದ ಲೆಕ್ಕ

ನಮ್ಮೂರು ನಾರ್ವೆ. ಯುರೋಪಿನದ್ದಲ್ಲ, ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕಿನದ್ದು. ಕನ್ನಡದಲ್ಲಿ ಬರೆದರೆ ಎರಡಕ್ಕೂ ಅಕ್ಷರ ಒಂದೇ. ಮೊಬೈಲಲ್ಲಿ ಹುಡುಕಿದರೆ ಮೊದಲು ಹಿಮ ಬರುತ್ತೆ, ಆಮೇಲೆ ನೊಬೆಲ್ ಶಾಂತಿ ಪ್ರಶಸ್ತಿ ಬರುತ್ತೆ. ನಮ್ಮ ಅಡಿಕೆ ತೋಟ ಸಿಗಬೇಕಾದರೆ ಬಹಳ ಕೆಳಗೆ ಹೋಗಬೇಕು.

ಇಂಜಿನಿಯರಿಂಗ್ ಹಾಸ್ಟೆಲ್‌ಗೆ ಬಂದ ಮೊದಲ ವಾರ ಯಾರೋ ಊರು ಕೇಳಿದರು, ಹೇಳಿದೆ. "ನಾರ್ವೆಯಿಂದ ಬಂದವನಿಗೆ ಇಂಗ್ಲಿಷೇ ಬರಲ್ವಲ್ಲೋ" ಅಂತ ರೂಮಿಗೆ ರೂಮೇ ನಕ್ಕಿತು. ಜೋಕು ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಮೂರನೇ ವಾರದಿಂದ ಊರು ಕೇಳಿದರೆ "ಚಿಕ್ಕಮಗಳೂರು" ಅಂತಷ್ಟೇ ಹೇಳೋಕೆ ಶುರು ಮಾಡಿದೆ. "ಓ, ಕಾಫಿ ಎಸ್ಟೇಟಾ?" ಅಂದರೆ ಇಲ್ಲ ಅಂತಲೂ ಹೇಳುತ್ತಿರಲಿಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ವೈವಾದಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ನಿಂತಿದ್ದೇನೆ.

ಅದೇ ನಾನು 2011ರ ಏಪ್ರಿಲ್ 2ರ ರಾತ್ರಿ, ವಾಂಖೆಡೆಯಲ್ಲಿ ಧೋನಿ ಆ ಸಿಕ್ಸರ್ ಹೊಡೆದಾಗ, ಹಾಸ್ಟೆಲ್ ಟೆರೇಸಿನ ಮೇಲೆ ಬಾವುಟ ಹಿಡಿದು ಕುಣಿಯುತ್ತಿದ್ದೆ. ಆವತ್ತು ಯಾರೂ ಊರು ಕೇಳಲಿಲ್ಲ, ಮೀಡಿಯಂ ಕೇಳಲಿಲ್ಲ. ನಾನು ಯಾರಿಗೂ ಕಮ್ಮಿ ಇರಲಿಲ್ಲ. ಅದು ಶನಿವಾರ. ಮುಂದಿನ ವಾರ ಲ್ಯಾಬಿನಲ್ಲಿ ಮತ್ತೆ ಹಳೇ ಮೌನ.

ಇದನ್ನು ಈಗ ಬರೆಯೋಕೆ ಕಾರಣ ನನ್ನ ಅಕ್ಕನ ಮಗ. ಸೆಕೆಂಡ್ ಪಿಯುಸಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಿನಾ ಒಂದು ಬಾವುಟ, ಒಂದು ಯುದ್ಧವಿಮಾನ. ಊರಿಗೆ ಹೋದಾಗ ನನ್ನನ್ನು ಕೇಳಿದ: "ಎಂತಕ್ಕೆ ಮಾವ, ನೀವು ಪೇಪರಿನೋರು ಯಾವಾಗ ನೋಡಿದ್ರೂ ದೇಶಕ್ಕೆ ಬೈತೀರಿ?" ಅದೇ ಹುಡುಗ ಕ್ಲಾಸಿನ ಸೆಮಿನಾರಿಗೆ ಹೆಸರು ಕೊಟ್ಟಿರಲಿಲ್ಲ. ಯಾಕೋ ಅಂದರೆ, "ನಂಗೆ ಅವರ ಹಂಗೆ ಮಾತಾಡೋಕೆ ಬರಲ್ಲ" ಅಂದ. ಅವನ ಎದೆಯಲ್ಲಿ ದೇಶ ಅಷ್ಟು ದೊಡ್ಡದು, ತಾನು ಇಷ್ಟು ಸಣ್ಣವನು. ಇವೆರಡಕ್ಕೂ ನಂಟಿದೆಯಾ? ಮನಃಶಾಸ್ತ್ರದವರು ಈ ಪ್ರಶ್ನೆಯನ್ನು ಅರವತ್ತು-ಎಪ್ಪತ್ತು ವರ್ಷದಿಂದ ಕೆದಕುತ್ತಿದ್ದಾರೆ. ಅವರು ಕಂಡುಕೊಂಡಿದ್ದು ನಾವು ಫೇಸ್‌ಬುಕ್ಕಿನಲ್ಲಿ ಜಗಳ ಆಡುವಾಗ ಹೇಳೋದಕ್ಕಿಂತ ಸ್ವಲ್ಪ ಬೇರೆ ಇದೆ.

ಒಂದೇ ಬೇರಿನ ನಾಲ್ಕು ಪದ

ಮೊದಲು ಪದದಿಂದಲೇ ಶುರು ಮಾಡೋಣ. ಕನ್ನಡದಲ್ಲಿ ಸ್ವಾಭಿಮಾನ, ದೇಶಾಭಿಮಾನ, ದುರಭಿಮಾನ, ನಿರಭಿಮಾನ ಎಲ್ಲವೂ 'ಅಭಿಮಾನ'ದಿಂದಲೇ ಹುಟ್ಟಿದವು. ರಾಜ್‌ಕುಮಾರ್ ನೋಡೋಕೆ ಬರುತ್ತಿದ್ದವರೂ ಅಭಿಮಾನಿಗಳೇ. ತನ್ನ ಬಗ್ಗೆ ಇರೋ ಗೌರವ, ನಾಡಿನ ಬಗ್ಗೆ ಇರೋ ಪ್ರೀತಿ, ಅತಿಯಾದಾಗ ಬರೋ ಕೊಬ್ಬು, ಏನೂ ಇಲ್ಲದಾಗ ಉಳಿಯೋ ಖಾಲಿ, ಇವಕ್ಕೆಲ್ಲ ನಂಟಿದೆ, ಆದರೆ ಇವು ಒಂದೇ ಅಲ್ಲ ಅಂತ ನಮ್ಮ ಭಾಷೆಗೆ ಮೊದಲೇ ಗೊತ್ತಿದೆ. ಸಂಶೋಧಕರು ಈ ವ್ಯತ್ಯಾಸವನ್ನು ಅಳೆದು ತೋರಿಸಲು ಬಹಳ ವರ್ಷ ತಗೊಂಡರು.

ಸ್ವಾಭಿಮಾನ ಅಳೆಯೋಕೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರೋದು ಮಾರಿಸ್ ರೋಸೆನ್‌ಬರ್ಗ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1965ರಲ್ಲಿ ಪ್ರಕಟಿಸಿದ ಪಟ್ಟಿ. ಹತ್ತೇ ಹೇಳಿಕೆ. ಐದು ತನ್ನನ್ನು ಮೆಚ್ಚಿಕೊಳ್ಳೋವು, ಐದು ತೆಗಳಿಕೊಳ್ಳೋವು. ಪ್ರತಿಯೊಂದಕ್ಕೂ ಪೂರ್ತಿ ಒಪ್ಪಿಗೆಯಿಂದ ಪೂರ್ತಿ ವಿರೋಧದವರೆಗೆ ನಾಲ್ಕು ಆಯ್ಕೆ. ಅದನ್ನು ಅವರು ರೂಪಿಸಿದ್ದೇ ಹದಿಹರೆಯದವರಿಗಾಗಿ. ನ್ಯೂಯಾರ್ಕ್ ರಾಜ್ಯದ ಹತ್ತು ಹೈಸ್ಕೂಲುಗಳ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಬಳಸಿ ನೋಡಿದರು. ಆದರೆ ಇದು ಅಳೆಯೋದು 'ನಾನು' ಅನ್ನೋದನ್ನ ಮಾತ್ರ. 'ನಾವು' ಅನ್ನೋದಕ್ಕೆ 1992ರಲ್ಲಿ ರಿಯಾ ಲುಹ್ಟಾನೆನ್ ಮತ್ತು ಜೆನಿಫರ್ ಕ್ರಾಕರ್ ಬೇರೆ ಅಳತೆಗೋಲು ಮಾಡಿದರು. ಅದರಲ್ಲಿ ನಾಲ್ಕು ಭಾಗ: ನಾನು ಈ ಗುಂಪಿಗೆ ತಕ್ಕವನಾ, ಈ ಗುಂಪಿನ ಬಗ್ಗೆ ನನಗೇನು ಅನ್ನಿಸುತ್ತೆ, ಹೊರಗಿನವರಿಗೆ ಏನು ಅನ್ನಿಸುತ್ತೆ ಅಂತ ನಾನು ಅಂದುಕೊಂಡಿದ್ದೇನೆ, ಈ ಗುಂಪು ನನಗೆ ಎಷ್ಟು ಮುಖ್ಯ.

ಮೂರನೇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಎಂಟು ವರ್ಷದ ಬುದ್ಧಿ

ದೇಶ ಅನ್ನೋದು ಮಗುವಿಗೆ ಹುಟ್ಟಿನಿಂದ ಬರೋದಲ್ಲ. ಜೀನ್ ಪಿಯಾಜೆ ಮತ್ತು ಆನ್‌ಮರಿ ವೇಲ್ 1951ರಲ್ಲಿ ಜಿನೀವಾದ ಮಕ್ಕಳ ಜೊತೆ ಮಾತಾಡಿ ಬರೆದ ಪ್ರಬಂಧ ಈ ವಿಷಯದಲ್ಲಿ ಹಳೇ ಅಡಿಪಾಯ. ಸಣ್ಣ ಮಕ್ಕಳಿಗೆ ಜಿನೀವಾ ಸ್ವಿಟ್ಜರ್ಲೆಂಡಿನ ಒಳಗೇ ಇದೆ ಅಂತ ಬಾಯಿಪಾಠ ಬರುತ್ತಿತ್ತು, ಆದರೆ "ನೀನು ಸ್ವಿಸ್ಸಾ?" ಅಂದರೆ "ಇಲ್ಲ, ನಾನು ಜಿನೀವಾದವನು" ಅನ್ನುವ ಧಾಟಿಯ ಉತ್ತರ. ಎರಡೂ ಒಟ್ಟಿಗೆ ಆಗಬಹುದು ಅನ್ನೋದು ತಲೆಗೆ ಹೋಗೋದು ಹತ್ತು-ಹನ್ನೊಂದರ ಹೊತ್ತಿಗೆ. 'ಪರದೇಶಿ' ಅನ್ನೋದು ನೋಡುವವನ ಮೇಲೆ ನಿಂತಿದೆ, ಅವರ ಊರಿಗೆ ಹೋದರೆ ನಾನೇ ಪರದೇಶಿ ಅನ್ನೋದೂ ಆಗಲೇ ಹೊಳೆಯೋದು.

ನಾರ್ವೆಯವನು, ಕೊಪ್ಪದವನು, ಮಲೆನಾಡಿನವನು, ಕನ್ನಡಿಗ, ಭಾರತೀಯ. ಐದೂ ಒಟ್ಟಿಗೆ ಆಗೋಕೆ ಹನ್ನೊಂದು ವರ್ಷದ ಬುದ್ಧಿ ಸಾಕು ಅಂತಾಯ್ತು. ನಮ್ಮ ಟಿವಿ ಚರ್ಚೆಗಳಲ್ಲಿ 'ನೀನು ಮೊದಲು ಏನು?' ಅಂತ ಕೂಗಾಡುವವರ ಬುದ್ಧಿ ಎಷ್ಟನೇ ವರ್ಷದ್ದು ಅನ್ನೋದನ್ನ ನೀವೇ ಲೆಕ್ಕ ಹಾಕಿ.

ನಮ್ಮ ಮಕ್ಕಳು ಪ್ರಾರ್ಥನೆ ಹೊತ್ತಲ್ಲಿ ಹಾಡೋ ನಾಡಗೀತೆಯಲ್ಲೇ ಈ ಒಳಗೊಳ್ಳುವಿಕೆ ಇದೆ. ಅದರಲ್ಲಿ ಕರ್ನಾಟಕ ಭಾರತಮಾತೆಯ ಮಗಳು. ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿ, ಜೈನ ಎಲ್ಲರ ಹೆಸರೂ ಬರುತ್ತೆ. 2004ರಲ್ಲಿ ಅಧಿಕೃತ ನಾಡಗೀತೆ ಆಯ್ತು, 2022ರಲ್ಲಿ ಮೈಸೂರು ಅನಂತಸ್ವಾಮಿ ಧಾಟಿಯಲ್ಲಿ ಎರಡೂವರೆ ನಿಮಿಷ ಅಂತ ಗೊತ್ತು ಮಾಡಿದರು. ಬರೆದ ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಅವರನ್ನು ತೀರ್ಥಹಳ್ಳಿಯವರು ಕುಪ್ಪಳಿಗೆ ಪೂರ್ತಿ ಬರೆಸಿಕೊಂಡಿದ್ದಾರೆ ಅನ್ನೋದು ನಮ್ಮ ಕಡೆಯವರ ಹಳೇ ತಕರಾರು. ಇದೂ ಒಂದು ಅಭಿಮಾನವೇ, ಇರಲಿ.

ಹದಿಹರೆಯಕ್ಕೆ ಬಂದಾಗ ಪ್ರಶ್ನೆ ಬದಲಾಗುತ್ತೆ. ಇವುಗಳಲ್ಲಿ ನಾನು ಯಾವುದು? 'ಅಸ್ಮಿತೆಯ ಬಿಕ್ಕಟ್ಟು' ಅನ್ನೋ ಮಾತನ್ನು ಚಾಲ್ತಿಗೆ ತಂದ ಎರಿಕ್ ಎರಿಕ್‌ಸನ್ ಸ್ವತಃ ಅದನ್ನು ಅನುಭವಿಸಿದವರು. ಯಹೂದಿ ತಾಯಿಯ ಮಗ, ಆದರೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಸಿನಗಾಗ್‌ನಲ್ಲಿ ಮಕ್ಕಳು ಇವನು ನಮ್ಮವನಲ್ಲ, ಉತ್ತರದವನು ಅಂತ ರೇಗಿಸಿದರೆ, ಜರ್ಮನ್ ಶಾಲೆಯಲ್ಲಿ ಯಹೂದಿ ಅಂತ ರೇಗಿಸುತ್ತಿದ್ದರು. ಅವರ ಹಾದಿಯಲ್ಲಿ ಮುಂದುವರಿದ ಜೇಮ್ಸ್ ಮಾರ್ಸಿಯಾ 1966ರಲ್ಲಿ ಒಂದು ಉಪಯುಕ್ತ ಭೇದ ಮಾಡಿದರು. ಹುಡುಕಾಡಿ, ಅನುಮಾನಪಟ್ಟು, ಆಮೇಲೆ ಒಂದು ಅಸ್ಮಿತೆಗೆ ಬಂದವರು ಒಂದು ಬಗೆ. ಹುಡುಕಾಟವೇ ಇಲ್ಲದೆ, ಮನೆಯವರು ಕೊಟ್ಟಿದ್ದನ್ನು ಹಾಗೇ ತೊಟ್ಟವರು ಇನ್ನೊಂದು ಬಗೆ. ಎರಡನೆಯವರು ಗಟ್ಟಿಯಾಗೇ ಕಾಣುತ್ತಾರೆ. ಆದರೆ ಮಾರ್ಸಿಯಾ ಅಧ್ಯಯನದಲ್ಲಿ 'ದೊಡ್ಡವರು ಹೇಳಿದ್ದೇ ಸರಿ, ಮಾತು ಕೇಳದವರಿಗೆ ಶಿಕ್ಷೆ ಆಗಬೇಕು' ಅನ್ನುವಂಥ ಮನೋಭಾವ ಅತಿ ಹೆಚ್ಚು ಕಂಡಿದ್ದೂ ಅವರಲ್ಲೇ.

ಬ್ರಿಸ್ಟಲ್‌ನ 64 ಹುಡುಗರು

ಇನ್ನು ಗುಂಪಿನ ಲೆಕ್ಕ. ಹೆನ್ರಿ ತಾಜ್‌ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರ ಕೈಗೆ ಸೆರೆ ಸಿಕ್ಕರು. ಯಹೂದಿ ಅನ್ನೋದನ್ನ ಮುಚ್ಚಿಡಲಿಲ್ಲ, ಪೋಲೆಂಡಿನವನು ಅನ್ನೋದನ್ನ ಮಾತ್ರ ಮುಚ್ಚಿಟ್ಟರು. ಫ್ರೆಂಚ್ ಯುದ್ಧಕೈದಿ ಅಂತ ಎಣಿಸಿಕೊಂಡಿದ್ದಕ್ಕೆ ಬದುಕಿದರು, ವಾಪಸು ಬಂದಾಗ ಊರಲ್ಲಿ ಮನೆಯವರು ಯಾರೂ ಉಳಿದಿರಲಿಲ್ಲ. ಒಂದು ದೇಶದ ಹೆಸರು ಜೀವ ಉಳಿಸುತ್ತೆ, ಇನ್ನೊಂದು ತೆಗೆಯುತ್ತೆ ಅನ್ನೋದನ್ನ ಪುಸ್ತಕದಿಂದ ಕಲಿತವರಲ್ಲ ಅವರು.

ಅವರ ಹೆಸರಾಂತ ಪ್ರಯೋಗ ನಡೆದಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಪ್ರಕಟವಾಗಿದ್ದು 1970ರಲ್ಲಿ. ಸರ್ಕಾರಿ ಶಾಲೆಯೊಂದರ 14-15 ವರ್ಷದ 64 ಹುಡುಗರು. ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ ಎಷ್ಟಿವೆ ಅಂತ ಅಂದಾಜು ಮಾಡಿಸಿದರು. ಆಮೇಲೆ ನೀನು ಜಾಸ್ತಿ ಹೇಳೋ ಗುಂಪು, ನೀನು ಕಮ್ಮಿ ಹೇಳೋ ಗುಂಪು ಅಂತ ಬೇಕಾಬಿಟ್ಟಿ ವಿಂಗಡಿಸಿದರು. ಯಾರು ಯಾವ ಗುಂಪು ಅಂತ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಜಾತಿ ಇಲ್ಲ, ಧರ್ಮ ಇಲ್ಲ, ಹಳೇ ದ್ವೇಷ ಇಲ್ಲ. ಬೇರೆ ಇಬ್ಬರು ಹುಡುಗರಿಗೆ ದುಡ್ಡು ಹಂಚು ಅಂತ ಹೇಳಿದರು. ತನಗೆ ತಾನು ಹಂಚಿಕೊಳ್ಳೋ ಹಾಗಿಲ್ಲ. ಹುಡುಗರು ತಮ್ಮ ಗುಂಪಿನವನಿಗೆ ಹೆಚ್ಚು ಕೊಟ್ಟರು. ಮುಂದಿನ ಪ್ರಯೋಗದಲ್ಲಿ 48 ಹುಡುಗರು, ಈ ಸಲ ಕ್ಲೇ ಮತ್ತು ಕ್ಯಾಂಡಿನ್‌ಸ್ಕಿ ಅನ್ನೋ ಇಬ್ಬರು ಕಲಾವಿದರ ಚಿತ್ರದ ಮೇಲೆ ವಿಂಗಡಣೆ. ಇಲ್ಲಿ ಇನ್ನೂ ವಿಚಿತ್ರ ಕಂಡಿತು. ತಮ್ಮವರಿಗೆ ಸಿಗೋದು ಕಮ್ಮಿ ಆದರೂ ಪರವಾಗಿಲ್ಲ, ಎದುರಿನವರಿಗೂ ತಮಗೂ ನಡುವೆ ಅಂತರ ಜಾಸ್ತಿ ಇರಬೇಕು ಅನ್ನೋ ಕಡೆಗೆ ವಾಲಿದರು. ಅಂದರೆ ಲಾಭಕ್ಕಿಂತ ಮೇಲಾಗೋದು ಮುಖ್ಯ.

ಇದರ ಮೇಲೆ ತಾಜ್‌ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ 'ಸಾಮಾಜಿಕ ಅಸ್ಮಿತೆ'ಯ ಸಿದ್ಧಾಂತ ಕಟ್ಟಿದರು. ನಮ್ಮ ಬಗ್ಗೆ ನಮಗಿರೋ ಗೌರವದ ಒಂದು ಪಾಲು ಗುಂಪಿನಿಂದ ಬರುತ್ತೆ, ಅದಕ್ಕೇ ಗುಂಪನ್ನು ಮೇಲೆತ್ತಿ ನೋಡುತ್ತೇವೆ ಅನ್ನೋದು ಅದರ ಸಾರ. ಟೆರೇಸಿನ ಮೇಲೆ ಕುಣಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಇಲ್ಲಿಂದ ಎರಡು ತೀರ್ಮಾನಕ್ಕೆ ಜಿಗಿಯಬಹುದು. ಒಂದು, ಎದುರಿನವರನ್ನು ಕೆಳಗಿಟ್ಟರೆ ನನ್ನ ಸ್ವಾಭಿಮಾನ ಏರುತ್ತೆ. ಎರಡು, ಸ್ವಾಭಿಮಾನ ಕಮ್ಮಿ ಇರುವವರೇ ಎದುರಿನವರನ್ನು ಕೆಳಗಿಡೋಕೆ ಹೋಗುತ್ತಾರೆ. ಮಾರ್ಕ್ ರೂಬಿನ್ ಮತ್ತು ಮೈಲ್ಸ್ ಹ್ಯೂಸ್ಟನ್ 1998ರಲ್ಲಿ ಅಷ್ಟೊತ್ತಿಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಮೊದಲನೇದಕ್ಕೆ ತಕ್ಕಮಟ್ಟಿಗೆ ಪುರಾವೆ ಸಿಕ್ಕಿತು. ಎರಡನೇದಕ್ಕೆ ಹೆಚ್ಚೇನೂ ಸಿಗಲಿಲ್ಲ. ಅಷ್ಟೇ ಅಲ್ಲ, ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1996ರಲ್ಲೇ ಹೇಳಿದ್ದರು: ಹಿಂಸೆಗೆ ಇಳಿಯೋದು ತನ್ನನ್ನು ಕೀಳು ಅಂದುಕೊಂಡವನಲ್ಲ, ತನ್ನನ್ನು ಮೇಲು ಅಂದುಕೊಂಡು ಅದಕ್ಕೆ ಪೆಟ್ಟು ಬಿದ್ದವನು.

ನಮ್ಮ ಬಳಗದಲ್ಲಿ ಬಹಳ ಜನರಿಗೆ ಇದು ರುಚಿಸಲ್ಲ ಅಂತ ಗೊತ್ತು. 'ಕೀಳರಿಮೆ ಇರೋ ಹುಡುಗರು, ಕೆಲಸ ಇಲ್ಲ, ಅದಕ್ಕೇ ಶಾಲು ಹಾಕ್ಕೊಂಡು ಕೂಗ್ತಾರೆ' ಅನ್ನೋದು ನಮ್ಮ ಸುಲಭದ ವಿವರಣೆ. ನಾನೂ ಬರೆದಿದ್ದೇನೆ. ಈಗ ಅದನ್ನು ಹಾಗೇ ಬರೆಯಲಾರೆ.

ಬಾಳಗಡಿ, 2022

ಶಾಲು ಅಂದೆನಲ್ಲ, ಅದರ ಕಥೆ ನಮ್ಮ ತಾಲೂಕಿನಲ್ಲೂ ನಡೆದಿದೆ. 2021ರ ಡಿಸೆಂಬರ್ ಕೊನೆಗೆ ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಹಿಜಾಬ್ ಹಾಕಿದ ಆರು ವಿದ್ಯಾರ್ಥಿನಿಯರನ್ನು ತರಗತಿಯಿಂದ ಹೊರಗಿಟ್ಟ ವಿಷಯ ದೊಡ್ಡದಾಯ್ತು. ಬೆನ್ನಿಗೇ, 2022ರ ಜನವರಿ ಮೊದಲ ವಾರ, ಕೊಪ್ಪದ ಬಾಳಗಡಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗರು ಹಿಜಾಬ್ ವಿರೋಧಿಸಿ ಕೇಸರಿ ಶಾಲು ಹಾಕಿಕೊಂಡು ಬಂದರು. ಕಾಲೇಜಿನವರು ಪೋಷಕರ ಸಭೆ ಕರೆದರು. ಆಮೇಲಿನದ್ದು ನಿಮಗೆ ಗೊತ್ತಿರೋದೇ. ಫೆಬ್ರವರಿ 5ಕ್ಕೆ ಸಮವಸ್ತ್ರದ ಸರ್ಕಾರಿ ಆದೇಶ, 8ರಂದು ಶಿವಮೊಗ್ಗದ ಕಾಲೇಜಿನಲ್ಲಿ ಒಬ್ಬ ಧ್ವಜಕಂಬ ಹತ್ತಿ ಕೇಸರಿ ಬಾವುಟ ಕಟ್ಟಿದ್ದು, ಅವತ್ತೇ ರಾಜ್ಯದ ಹೈಸ್ಕೂಲು-ಕಾಲೇಜುಗಳಿಗೆ ಮೂರು ದಿನ ರಜೆ ಘೋಷಣೆ. ಮಾರ್ಚ್ 15ಕ್ಕೆ ಹೈಕೋರ್ಟಿನ ಪೂರ್ಣಪೀಠ ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ನನ್ನ ಅಕ್ಕನ ಮಗ ಆಗ ಎಂಟನೇ ಕ್ಲಾಸು. ಅವನಿಗೆ ನೆನಪಿರೋದು ರಜೆ ಸಿಕ್ಕಿದ್ದು ಮಾತ್ರ.

ಬ್ರಿಸ್ಟಲ್ ಹುಡುಗರ ಪಕ್ಕ ಬಾಳಗಡಿ ಹುಡುಗರನ್ನು ಇಟ್ಟು ನೋಡಿ. ಸಹಪಾಠಿ ತಲೆ ಮೇಲಿನ ಬಟ್ಟೆ ತೆಗೆದರೆ ಇವರಿಗೆ ಮಾರ್ಕ್ಸು ಜಾಸ್ತಿ ಬರುತ್ತಾ? ಹಾಸ್ಟೆಲ್ ಸೀಟು ಸಿಗುತ್ತಾ? ಬಸ್ಸು ಹೊತ್ತಿಗೆ ಬರುತ್ತಾ? ಏನೂ ಇಲ್ಲ. ಆದರೂ ಅಂತರ ಬೇಕಿತ್ತು. ಇಷ್ಟು ತಾಜ್‌ಫೆಲ್ ವಿವರಿಸುತ್ತಾರೆ. ಅವರ ಪ್ರಯೋಗದಲ್ಲಿ ಎಲ್ಲರೂ ಮರೆಯೋದು ಇನ್ನೊಂದಿದೆ: ಹುಡುಗರನ್ನು ವಿಂಗಡಿಸಿದ್ದು ಹುಡುಗರಲ್ಲ. ಕೋಟು ಹಾಕಿದ ದೊಡ್ಡವರು ಬಂದು ನೀನು ಇದು, ನೀನು ಅದು ಅಂದಾಗಲೇ ಶುರುವಾಗಿದ್ದು. ನಮ್ಮಲ್ಲೂ ಒಂದೇ ದಿನ ಹತ್ತಾರು ಕಾಲೇಜಿನಲ್ಲಿ ಒಂದೇ ಬಣ್ಣದ, ಮಡಿಕೆಯೂ ಬಿಚ್ಚದ ಹೊಸ ಶಾಲುಗಳು ಹದಿನೇಳು ವರ್ಷದವರ ಕಿಸೆಯ ದುಡ್ಡಿನಿಂದ ಬಂದವು ಅಂತ ನಂಬೋಕೆ ನಾನು ತಯಾರಿಲ್ಲ. ಇದು ನನ್ನ ಅನುಮಾನ, ಅನುಮಾನ ಅಂತಲೇ ಓದಿ. ಆದರೆ ಹುಡುಗನ ಮನಸ್ಸಿನೊಳಗೆ ಕಾರಣ ಹುಡುಕುತ್ತಾ ಕೂತರೆ ವಿಂಗಡಿಸಿದ ದೊಡ್ಡವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ ಅನ್ನೋದು ಅನುಮಾನವಲ್ಲ.

ಇನ್ನೊಂದು ಕಡೆಯವರ ಲೆಕ್ಕ ಬೇರೆ. ನೈಲಾ ಬ್ರಾನ್ಸ್‌ಕೋಂಬ್ ಮತ್ತು ಸಂಗಡಿಗರು 1999ರಲ್ಲಿ ಅಮೆರಿಕದ ಕಪ್ಪು ಜನರ ನಡುವೆ ಮಾಡಿದ ಅಧ್ಯಯನ ಹೇಳೋದು ಇದು: ಹೊರಗಿನವರ ತಿರಸ್ಕಾರ ನೇರವಾಗಿ ಮನಸ್ಸಿಗೆ ಪೆಟ್ಟು ಕೊಡುತ್ತೆ, ಅದೇ ತಿರಸ್ಕಾರ ತಮ್ಮವರ ಜೊತೆಗಿನ ನಂಟನ್ನು ಬಿಗಿ ಮಾಡುತ್ತೆ, ಆ ನಂಟು ಪೆಟ್ಟಿಗೆ ಸ್ವಲ್ಪ ಮುಲಾಮು ಆಗುತ್ತೆ. ಗೇಟಿನ ಹೊರಗೆ ನಿಂತ ಹುಡುಗಿಗೆ ಅಲ್ಲಿಯವರೆಗೆ ಅಭ್ಯಾಸವಾಗಿದ್ದ ಬಟ್ಟೆ ಅವತ್ತಿನಿಂದ ಧ್ವಜವಾಗುತ್ತೆ. ಅದನ್ನು ತೋರಿಸಿ "ನೋಡಿ, ಎಷ್ಟು ಹಟ" ಅಂತ ಹೇಳೋದು ತಾನೇ ತಳ್ಳಿ ಯಾಕೆ ಬಿದ್ದೆ ಅಂತ ಕೇಳಿದ ಹಾಗೆ. ಭಾರತೀಯಳು ಅನ್ನೋದನ್ನ ಹದಿನಾರನೇ ವಯಸ್ಸಿಗೆ ಸಾಬೀತು ಮಾಡಬೇಕಾದವಳಿಗೆ ಆ ಪದ ಆಸರೆ ಆಗೋದು ಹೇಗೆ? ಅದು ಪರೀಕ್ಷೆ ಆಗುತ್ತೆ.

ಅದೇ ಫೆಬ್ರವರಿ 7ರಂದು ನಮ್ಮ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹಾಕಿ, ಜೈ ಭೀಮ್ ಅನ್ನುತ್ತಾ ಮುಸ್ಲಿಂ ಹುಡುಗಿಯರ ಪರ ನಿಂತರು. ಆ ವಾರ ಎಲ್ಲರ ಮೊಬೈಲಿನಲ್ಲಿ ಓಡಾಡಿದ ವಿಡಿಯೋಗಳಲ್ಲಿ ನನಗೆ ಮತ್ತೆ ಮತ್ತೆ ನೋಡಬೇಕು ಅನ್ನಿಸಿದ್ದು ಅದೊಂದೇ. ಅಲ್ಲೂ ಗುಂಪು ಇತ್ತು, ಬಣ್ಣ ಇತ್ತು, ಕೂಗು ಇತ್ತು. ಆದರೆ ಅದು ಯಾರನ್ನೂ ಗೇಟಿನಿಂದ ಹೊರಗಿಡೋಕೆ ಆಗಿರಲಿಲ್ಲ. ಗುಂಪಿನ ಅಭಿಮಾನ ಅಂದ ಕೂಡಲೇ ಮೂಗು ಮುರಿಯುವವರು ಇದನ್ನು ನೋಡಬೇಕು.

ದುರಭಿಮಾನದ ಗುರುತು

ಹಾಗಾದರೆ ದೇಶಾಭಿಮಾನ ಎಲ್ಲಿ ದುರಭಿಮಾನ ಆಗುತ್ತೆ? 1989ರಲ್ಲಿ ಕೋಸ್ಟರ್‌ಮನ್ ಮತ್ತು ಫೆಶ್‌ಬ್ಯಾಕ್ ಅಮೆರಿಕದಲ್ಲಿ ಅಳೆದು ತೋರಿಸಿದರು: ನನ್ನ ದೇಶ ನನಗಿಷ್ಟ ಅನ್ನೋದು ಒಂದು ಭಾವನೆ, ನನ್ನ ದೇಶ ಎಲ್ಲರಿಗಿಂತ ಮೇಲಿರಬೇಕು ಅನ್ನೋದು ಬೇರೆಯದೇ ಭಾವನೆ. ಪೋಲೆಂಡ್ ಮೂಲದ ಅಗ್ನಿಯೆಷ್ಕಾ ಗೋಲೆಕ್ ದೆ ಜಾವಾಲಾ 2009ರಿಂದ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡುತ್ತಿದ್ದಾರೆ. ಅವರು 'ಸಾಮೂಹಿಕ ಆತ್ಮರತಿ' ಅಂತ ಕರೆಯೋದರ ತಿರುಳು ಹೆಮ್ಮೆಯಲ್ಲ, ದೂರು. ನಾವು ಮಹಾನ್, ಆದರೆ ಜಗತ್ತು ನಮಗೆ ಸಲ್ಲಬೇಕಾದ ಮರ್ಯಾದೆ ಕೊಡುತ್ತಿಲ್ಲ ಅನ್ನೋ ದೂರು. ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಮೂರನೇ ಭಾಗ ಇದು: ಹೊರಗಿನವರು ಏನಂದುಕೊಂಡಿದ್ದಾರೋ ಅನ್ನೋದು. 2020ರ ಅವರ ಪ್ರಬಂಧ ರೂಬಿನ್-ಹ್ಯೂಸ್ಟನ್‌ಗೆ ಯಾಕೆ ಪುರಾವೆ ಸಿಗಲಿಲ್ಲ ಅನ್ನೋದಕ್ಕೂ ಒಂದು ಉತ್ತರ ಕೊಡುತ್ತೆ. ನಮ್ಮವರ ನಡುವೆ ಇರೋದಕ್ಕೆ ಖುಷಿ ಅನ್ನೋ ಭಾವನೆ ಸ್ವಾಭಿಮಾನ ಚೆನ್ನಾಗಿರುವವರಲ್ಲಿ ಜಾಸ್ತಿ; ದೂರಿನ ಅಭಿಮಾನ ಸ್ವಾಭಿಮಾನ ಕಮ್ಮಿ ಇರುವವರಲ್ಲಿ ಜಾಸ್ತಿ, ಅನ್ಯರ ದ್ವೇಷಕ್ಕೆ ಒಯ್ಯೋದು ಅದೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಒಂದು ಇನ್ನೊಂದನ್ನು ಮರೆಮಾಚುತ್ತೆ. ಅಂದರೆ ಕೀಳರಿಮೆಗೆ ಪಾತ್ರವೇ ಇಲ್ಲ ಅಂತಲ್ಲ. ಕೀಳರಿಮೆ ತಾನಾಗಿ ಯಾರ ಮೇಲೂ ಹರಿಹಾಯಲ್ಲ. ಅದರ ಕೈಗೆ ಯಾರೋ ಒಂದು ದೂರಿನ ಪಟ್ಟಿ ಕೊಡಬೇಕು.

ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಸೋರುವ ಟ್ಯಾಂಕಿಗೆ ದೊಡ್ಡ ಪಂಪು. ಎಷ್ಟು ನೀರೆತ್ತಿದರೂ ಮಟ್ಟ ಏರಲ್ಲ, ಪಂಪು ನಿಲ್ಲಿಸೋ ಹಾಗೂ ಇಲ್ಲ. ನಾಲ್ಕು ವರ್ಷ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಇದನ್ನು ಕನ್ನಡದ ಬಗ್ಗೆಯೇ ನಮ್ಮ ಡಿ.ಆರ್. ನಾಗರಾಜ್ ಬೇರೆ ಮಾತಿನಲ್ಲಿ ಹೇಳಿದ್ದರು. ಕನ್ನಡ ರಾಷ್ಟ್ರೀಯತೆಯಲ್ಲಿ ಒಂದು ಆಧ್ಯಾತ್ಮಿಕವಾದದ್ದು, ಇನ್ನೊಂದು ಆತಂಕದ್ದು ಅಂತ. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದಾಗ ಕನ್ನಡ ಮಾತಾಡುವವರು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದರು. ತಮಗೂ ಒಂದು ಚರಿತ್ರೆ ಇದೆ ಅನ್ನೋದೇ ಮರೆತವರಿಗೆ ಬೆನ್ನು ನೆಟ್ಟಗೆ ಮಾಡಿಸೋ ಪುಸ್ತಕ ಅದು. ಆ ಹೆಮ್ಮೆಗೆ ವೈರಿ ಬೇಕಿರಲಿಲ್ಲ. ಇವತ್ತು ಬೆಂಗಳೂರಿನ ಆಟೋದಲ್ಲಿ ನಡೆದ ಜಗಳದ ವಿಡಿಯೋ ನೋಡಿ ಉಕ್ಕೋ ಕನ್ನಡಾಭಿಮಾನಕ್ಕೆ ದಿನಾ ಒಬ್ಬ ಹೊಸ ವೈರಿ ಬೇಕು. ಹಿಂದಿ ಹೇರಿಕೆ ನಿಜ, ಅದರ ವಿರುದ್ಧ ನಾನೂ ಬರೆಯುತ್ತೇನೆ. ಆದರೆ ಜಗಳ ಮುಗಿಸಿ ಮನೆಗೆ ಹೋದ ಮೇಲೆ ಕೈಯಲ್ಲಿ ಕನ್ನಡದ ಏನು ಉಳಿಯುತ್ತೆ ಅನ್ನೋದೂ ಪ್ರಶ್ನೆಯೇ.

ಸೋರೋದು ಎಲ್ಲಿ

ನಮ್ಮ ಕಡೆಯ ಹುಡುಗರಲ್ಲಿ ಟ್ಯಾಂಕು ಸೋರೋದು ಎಲ್ಲಿ ಅಂತ ನನಗೆ ಅನುಭವದಿಂದ ಗೊತ್ತು: ಭಾಷೆಯಲ್ಲಿ. ಎಸ್‌ಎಸ್‌ಎಲ್‌ಸಿವರೆಗೆ ಕ್ಲಾಸಿಗೆ ಮೊದಲಿಗನಾಗಿದ್ದವನು ಸೈನ್ಸ್ ಪಿಯುಸಿಗೆ ಸೇರಿದ ದಿನ ದಡ್ಡನಾಗುತ್ತಾನೆ. ಅವನ ಬುದ್ಧಿ ಒಂದೇ ರಜೆಯಲ್ಲಿ ಕರಗಿಹೋಗಿರಲ್ಲ, ಆದರೆ ಹಾಗಂತ ಅವನಿಗೆ ಹೇಳುವವರು ಯಾರೂ ಇಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಅಂದಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅಪ್ಪ-ಅಮ್ಮಂದಿರ ಲೆಕ್ಕಾಚಾರ ನನಗೆ ತಪ್ಪು ಅನ್ನಿಸಲ್ಲ. ನವೆಂಬರ್ ಒಂದಕ್ಕೆ ಕನ್ನಡ ಶ್ರೇಷ್ಠ ಅಂತ ಭಾಷಣ ಮಾಡಿಸಿ, ನವೆಂಬರ್ ಎರಡರಿಂದ ಕನ್ನಡದಲ್ಲಿ ಪ್ರಶ್ನೆ ಕೇಳಿದವನಿಗೆ ನಗೋದು ಮಾತ್ರ ತಪ್ಪು.

ಕುವೆಂಪು ಕೂಡ ಹದಿಹರೆಯದಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. 'ಬಿಗಿನರ್ಸ್ ಮ್ಯೂಸ್' ಅನ್ನೋ ಇಂಗ್ಲಿಷ್ ಕವನ ಸಂಕಲನ 1922ರಲ್ಲಿ ಬಂತು, ಆಗ ಅವರಿಗೆ ಹದಿನೇಳು-ಹದಿನೆಂಟು. ಕನ್ನಡದಲ್ಲಿ ಬರಿ ಅಂತ ಅವರಿಗೆ ಹೇಳಿದ್ದು ಕನ್ನಡಿಗರಲ್ಲ, ಐರಿಷ್ ಕವಿ ಜೇಮ್ಸ್ ಕಸಿನ್ಸ್. ಇಂಗ್ಲಿಷಿನ ಅಡಿ ತನ್ನ ಭಾಷೆ ಸಿಕ್ಕಿಹೋದ ನಾಡಿನವರು. ಗಮನಿಸಬೇಕಾದ್ದು, ಕಸಿನ್ಸ್ ಇಂಗ್ಲಿಷನ್ನು ಬೈಯಲಿಲ್ಲ. ನಿನ್ನ ಭಾಷೆಯಲ್ಲಿ ನಿನಗೆ ಇನ್ನೂ ಚೆನ್ನಾಗಿ ಬರುತ್ತೆ ಅಂದರು. ಹುಡುಗನಿಗೆ ಆಗ ಬೇಕಿದ್ದೂ ಅದೇ.

ಇನ್ನೊಂದು ನಾರ್ವೆ

ಊರ ಹೆಸರಿನ ಋಣಕ್ಕೆ ಆ ದೇಶದ ಬಗ್ಗೆಯೂ ಓದಿಕೊಂಡೆ. ಮೇ 17 ಅವರ ಸಂವಿಧಾನ ದಿನ, 1814ರದ್ದು. ಅವತ್ತು ಅಲ್ಲಿ ಮುಖ್ಯ ಮೆರವಣಿಗೆ ಟ್ಯಾಂಕು-ಕ್ಷಿಪಣಿಗಳದ್ದಲ್ಲ, ಶಾಲಾ ಮಕ್ಕಳದ್ದು. ಚೆಂದ ಅನ್ನಿಸಿತು. ಆದರೆ ಅದೇ ನಾರ್ವೆ ಹತ್ತೊಂಬತ್ತನೇ ಶತಮಾನದ ನಡುವಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ತನ್ನ ಸಾಮಿ ಆದಿವಾಸಿ ಮಕ್ಕಳನ್ನು ಶಾಲೆಯಲ್ಲಿ ಸ್ವಂತ ಭಾಷೆ ಆಡದಂತೆ ಮಾಡಿ 'ನಾರ್ವೇಜಿಯನ್' ಮಾಡಲು ಹೊರಟಿತ್ತು. ಮಕ್ಕಳು ದೊಡ್ಡವರಾಗಿ ತಾವು ಸಾಮಿ ಅನ್ನೋದನ್ನೇ ಬಚ್ಚಿಟ್ಟರು, ತಮ್ಮ ಮಕ್ಕಳಿಗೆ ಭಾಷೆ ಕಲಿಸಲಿಲ್ಲ. ಹಾಸ್ಟೆಲಿನಲ್ಲಿ ನಾನು ಊರ ಹೆಸರು ನುಂಗಿಕೊಂಡಿದ್ದು ಅದರ ಮುಂದೆ ಎಷ್ಟೂ ಅಲ್ಲ. ಸತ್ಯಶೋಧನಾ ಆಯೋಗ 2023ರಲ್ಲಿ ವರದಿ ಕೊಟ್ಟಿತು, 2024ರ ನವೆಂಬರಿನಲ್ಲಿ ಅಲ್ಲಿನ ಸಂಸತ್ತು ಕ್ಷಮೆ ಕೇಳಿತು. ಸಂಸತ್ತು ಕ್ಷಮೆ ಕೇಳಿದ್ದಕ್ಕೆ ನಾರ್ವೆಗೆ ಅವಮಾನ ಆಯ್ತು, ಇವರು ದೇಶಕ್ಕೆ ಬೈದರು ಅಂತ ಅಲ್ಲೂ ಕೆಲವರು ಅಂದಿರಬಹುದು. ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಇದೇ ಉದಾಹರಣೆ. ಪೂರ್ತಿ ಒಪ್ಪಲಿಲ್ಲ. "ಅವರದ್ದು ಸಣ್ಣ ದೇಶ ಮಾವ" ಅಂದ.

ಶಾಲೆಯಲ್ಲಿ ಏನಾದರೂ ಮಾಡೋಕೆ ಆಗುತ್ತಾ? ಆಡ್ರಿಯಾನಾ ಉಮಾನ್ಯಾ-ಟೇಲರ್ ಅಮೆರಿಕದಲ್ಲಿ 'ಐಡೆಂಟಿಟಿ ಪ್ರಾಜೆಕ್ಟ್' ಅಂತ ಎಂಟು ವಾರದ ಪಾಠ ಮಾಡಿ ನೋಡಿದ್ದಾರೆ. ಅಲ್ಲಿ ಮಕ್ಕಳು ಘೋಷಣೆ ಕೂಗಲ್ಲ. ತಮ್ಮ ಮನೆತನ ಎಲ್ಲಿಂದ ಬಂತು, ಯಾವ ಭಾಷೆ ಬಿಟ್ಟಿತು, ಯಾವುದು ಹಿಡಿಯಿತು ಅಂತ ಮನೆಯವರನ್ನು ಕೇಳಿ ತಂದು ಎಲ್ಲರೂ ಎಲ್ಲರದ್ದನ್ನೂ ಕೇಳುತ್ತಾರೆ. ಪಾಠ ಪಡೆದವರು ಹೆಚ್ಚು ಹುಡುಕಾಡಿದರು, ತಾನು ಯಾರು ಅನ್ನೋದು ಸ್ಪಷ್ಟವಾಯ್ತು, ವರ್ಷದ ನಂತರ ಅದರ ಜೊತೆಗೆ ಸ್ವಾಭಿಮಾನವೂ ಏರಿದ್ದು ಕಂಡಿತು. ನಮ್ಮಲ್ಲಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ಶಾಲಾ-ಕಾಲೇಜುಗಳಲ್ಲಿ ದಿನಾ ಸಂವಿಧಾನ ಪೀಠಿಕೆ ಓದಿಸಬೇಕು ಅಂತ ತೀರ್ಮಾನಿಸಿತು. ಒಳ್ಳೇದೇ. ಆದರೆ ಬಾಯಿಪಾಠ ಮಾಡಿಸೋದರಲ್ಲಿ ನಾವು ಮೊದಲಿಂದಲೂ ಜಾಣರು. ಪೀಠಿಕೆಯಲ್ಲಿ ವ್ಯಕ್ತಿಗೌರವ ಅನ್ನೋದು ರಾಷ್ಟ್ರದ ಏಕತೆಗಿಂತ ಮೊದಲು ಬರುತ್ತೆ. ಆ ಕ್ರಮ ಯಾಕೆ ಅಂತ ಒಂದು ಪೀರಿಯಡ್ ಚರ್ಚೆ ಮಾಡಿಸಿದ ಮೇಷ್ಟ್ರು ಯಾರಾದರೂ ಇದ್ದರೆ ಬರೆದು ತಿಳಿಸಿ.

ಕೊನೆಗೆ, ರೋಸೆನ್‌ಬರ್ಗ್ ಹೇಳಿಕೆಗಳನ್ನು ಕೈಲಾದಷ್ಟು ಕನ್ನಡ ಮಾಡಿ, ಒಂದು ಹಾಳೆಯಲ್ಲಿ ಬರೆದು ಅಕ್ಕನ ಮಗನಿಗೆ ಕೊಟ್ಟೆ. ಸಂಶೋಧನೆ ಅಲ್ಲ, ಕುತೂಹಲ. ಜಗಲಿಯಲ್ಲಿ ಕೂತು ಪಟಪಟ ಗುರುತು ಹಾಕುತ್ತಿದ್ದವನು ನಾಲ್ಕನೇದಕ್ಕೆ ಬಂದು ಪೆನ್ನು ಎತ್ತಿದ. ಉಳಿದವರ ಹಾಗೆ ತಾನೂ ಕೆಲಸ ಮಾಡಬಲ್ಲೆನಾ ಅನ್ನೋ ಅರ್ಥದ್ದು.

"ಮಾವ, ಇದು ಮನೇಲಾ, ಕಾಲೇಜಲ್ಲಾ?"

"ಹಂಗೆಲ್ಲ ಕೇಳಿಲ್ಲ ಮಾರಾಯ. ಒಟ್ಟಾರೆ."

"ಒಟ್ಟಾರೆ ಅಂದ್ರೆ ಹೆಂಗೆ ಹೇಳೋದು? ತೋಟದಲ್ಲಿ ಕೊನೆ ತೆಗೆಯೋದಾದ್ರೆ ಬೇರೆ, ಫಿಸಿಕ್ಸ್ ಲ್ಯಾಬಾದ್ರೆ ಬೇರೆ."

ಎರಡೂ ಹಾಕು ಅಂದೆ. ಹಾಳೆ ಈಗ ನನ್ನ ಬ್ಯಾಗಿನಲ್ಲಿದೆ. ಹತ್ತರಲ್ಲಿ ಆರು ಹೇಳಿಕೆಗೆ ಎರಡೆರಡು ಗುರುತು, ಒಂದರ ಪಕ್ಕ 'ಮ', ಇನ್ನೊಂದರ ಪಕ್ಕ 'ಕಾ'.